ಸಾವಿರ ಲಿಂಕ್ ಐದು ಸಾವಿರಕ್ಕಂತೆ, ತಗೊಳ್ಳಲಾ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯ. ಆನ್‌ಲೈನ್ ಅಂಗಡಿ ತೆರೆದಾಗಿದೆ, ಗೂಗಲ್‌ನಲ್ಲಿ ಹುಡುಕಿದರೆ ಕಾಣಿಸುವುದಿಲ್ಲ, ಯಾರೋ "ಬ್ಯಾಕ್‌ಲಿಂಕ್ ಮಾಡಿಸಿ" ಅಂದಿದ್ದಾರೆ. ಬ್ಯಾಕ್‌ಲಿಂಕ್ ಅಂದರೆ ಬೇರೆಯವರ ವೆಬ್‌ಸೈಟಿನಿಂದ ನಿಮ್ಮ ಸೈಟಿಗೆ ಬರುವ ಕೊಂಡಿ, ಅಷ್ಟೆ. ಹೆಸರು ಬೇಡ ಅಂದವರೇ ಜಾಸ್ತಿ, ಹಾಗಾಗಿ ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ಇಳಕಲ್ ಸೀರೆ ಮಾರುವ ಸೈಟ್ ಮಾಡಿ ಒಂದು ವರ್ಷ ಆಯಿತು ಮೇಡಂ. ವಾಟ್ಸ್‌ಆ್ಯಪ್‌ನಲ್ಲಿ ಒಬ್ಬರು "ಐದು ಸಾವಿರಕ್ಕೆ ಸಾವಿರ ಬ್ಯಾಕ್‌ಲಿಂಕ್, ಎಲ್ಲ ಡಿಎ 50ರ ಮೇಲೆ, ಮೂರು ತಿಂಗಳಲ್ಲಿ ಮೊದಲ ಪುಟ ಗ್ಯಾರಂಟಿ" ಅನ್ನುತ್ತಿದ್ದಾರೆ. ತಗೊಳ್ಳಲಾ? (ಬಾಗಲಕೋಟೆ ಜಿಲ್ಲೆ)

ಉತ್ತರ: ಬೇಡ. ಆ ದುಡ್ಡಿಗೆ ಸೀರೆಗಳ ಒಳ್ಳೇ ಫೋಟೋ ತೆಗೆಸಿ.

ನಾನೇ ಕೈ ಸುಟ್ಟುಕೊಂಡವಳು, ಅದಕ್ಕೇ ಹೇಳುತ್ತಿದ್ದೇನೆ. ಹಪ್ಪಳ, ಉಪ್ಪಿನಕಾಯಿ ಮಾರುವ ಸೈಟ್ ನಡೆಸುತ್ತಿದ್ದಾಗ ಒಂದು ಏಜೆನ್ಸಿಗೆ ಎಂಟು ಸಾವಿರ ಕೊಟ್ಟೆ. ತಿಂಗಳ ಕೊನೆಗೆ ಎಕ್ಸೆಲ್ ಶೀಟ್ ಕಳಿಸಿದರು. ಸಾಲು ಸಾಲು ಲಿಂಕು, ನೋಡಲಿಕ್ಕೆ ಭರ್ಜರಿಯಾಗಿತ್ತು. ಒಂದು ರಾತ್ರಿ ಕೂತು ಒಂದೊಂದೇ ತೆರೆದು ನೋಡಿದೆ. ಒಂದು ಪುಟದಲ್ಲಿ ಮೇಲೆ ಜೂಜಿನ ಜಾಹೀರಾತು, ಅದರ ಕೆಳಗೆ ಯಾವುದೋ ದೇಶದ ಹಲ್ಲಿನ ಡಾಕ್ಟರು, ಅವರ ಕೆಳಗೆ ಲಾರಿ ಟೈರು, ಟೈರಿನ ಪಕ್ಕದಲ್ಲಿ "ಬೆಸ್ಟ್ ಮ್ಯಾಂಗೋ ಪಿಕಲ್ ಆನ್‌ಲೈನ್" ಅಂತ ನನ್ನ ಅಂಗಡಿ. ಆ ಪುಟವನ್ನು ಯಾರಾದರೂ ಓದುತ್ತಾರೆಯೇ? ಆರು ತಿಂಗಳು ಕಾದೆ. ಆ ಕಡೆಯಿಂದ ಒಂದೇ ಒಂದು ಆರ್ಡರ್ ಬರಲಿಲ್ಲ.

ಲಿಂಕಿಗೆ ಇಷ್ಟು ಬೆಲೆ ಬಂದದ್ದಾದರೂ ಯಾಕೆ? ಸ್ಟ್ಯಾನ್‌ಫೋರ್ಡ್‌ನಲ್ಲಿ ಓದುತ್ತಿದ್ದ, ಮುಂದೆ ಗೂಗಲ್ ಕಟ್ಟಿದ ಲ್ಯಾರಿ ಪೇಜ್, ಸರ್ಗೆ ಬ್ರಿನ್ ಇಬ್ಬರೂ 1998ರಲ್ಲಿ ಬರೆದ ಪ್ರಬಂಧದಲ್ಲಿ ಪೇಜ್‌ರ್‍ಯಾಂಕ್ ಅನ್ನುವ ಲೆಕ್ಕ ಇತ್ತು. ಹೊಸ ಊರಿಗೆ ಹೋದಾಗ ಒಳ್ಳೇ ಟೈಲರ್ ಯಾರು ಅಂತ ಕೇಳುತ್ತೀರಿ ಅಲ್ವಾ? ನಾಲ್ಕು ಜನ ಒಬ್ಬರ ಹೆಸರನ್ನೇ ಹೇಳಿದರೆ ನಂಬಿಕೆ ಬರುತ್ತದೆ. ಬಟ್ಟೆ ಅಂಗಡಿಯವರೂ ಅದೇ ಹೆಸರು ಹೇಳಿದರೆ ಇನ್ನೂ ಜಾಸ್ತಿ ನಂಬುತ್ತೀರಿ. ಪುಟಗಳಿಗೂ ಅದೇ ಲೆಕ್ಕ: ಎಷ್ಟು ಜನ ತೋರಿಸುತ್ತಿದ್ದಾರೆ ಅನ್ನುವುದರ ಜೊತೆಗೆ, ತೋರಿಸುತ್ತಿರುವವರು ಯಾರು ಅನ್ನುವುದೂ ಮುಖ್ಯ. ಇದು ಗೊತ್ತಾದ ಮೇಲೆ ಜನ ಸುಮ್ಮನಿರುತ್ತಾರಾ? ದುಡ್ಡು ಕೊಟ್ಟು ಹೇಳಿಸುವುದು ಶುರುವಾಯಿತು. ಗೂಗಲ್ 2012ರ ಏಪ್ರಿಲ್‌ನಲ್ಲಿ ಪೆಂಗ್ವಿನ್ ಅನ್ನುವ ಬದಲಾವಣೆ ತಂದಾಗ ಅಂಥ ಲಿಂಕ್ ನೆಚ್ಚಿಕೊಂಡಿದ್ದ ಬಹಳ ಸೈಟುಗಳು ರಾತ್ರೋರಾತ್ರಿ ಕೆಳಗೆ ಬಿದ್ದವು. 2016ರಲ್ಲಿ ಪೆಂಗ್ವಿನ್ ಮುಖ್ಯ ಲೆಕ್ಕದೊಳಗೇ ಸೇರಿಕೊಂಡಿತು. 2022ರ ಡಿಸೆಂಬರ್‌ನಲ್ಲಿ ಸ್ಪ್ಯಾಮ್‌ಬ್ರೇನ್ ಅನ್ನುವ ವ್ಯವಸ್ಥೆಗೆ ಲಿಂಕ್ ಕೊಳ್ಳುವವರನ್ನೂ ಮಾರುವವರನ್ನೂ ಹುಡುಕುವ ಕೆಲಸ ಕೊಟ್ಟರು.

ಈಗ ಬಹುಪಾಲು ಸಲ ಶಿಕ್ಷೆಯೂ ಇಲ್ಲ, ಆ ಲಿಂಕಿಗೆ ಸೊನ್ನೆ ಹಾಕಿ ಮುಂದೆ ಹೋಗುತ್ತಾರೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂಗೆ, ನಿಮ್ಮ ಐದು ಸಾವಿರ ಹೋಯಿತು. ಅತಿಯಾಗಿ ಮಾಡಿದರೆ ಮಾತ್ರ "ಮ್ಯಾನುಯಲ್ ಆ್ಯಕ್ಷನ್" (ಗೂಗಲ್ ಸಿಬ್ಬಂದಿಯೇ ನೋಡಿ ಹಾಕುವ ಶಿಕ್ಷೆ) ಅಂತ, ಸೈಟ್ ನಡೆಸುವವರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ನೋಟಿಸ್ ಬರುತ್ತದೆ. ಅದನ್ನು ತೆಗೆಸುವಷ್ಟರಲ್ಲಿ ಸಾಕುಸಾಕಾಗುತ್ತದೆ.

ಇನ್ನು ಡಿಎ. ಡೊಮೇನ್ ಅಥಾರಿಟಿ ಅಂತ ಪೂರ್ತಿ ಹೆಸರು. ಒಂದು ಸೈಟ್ ಹುಡುಕಾಟದಲ್ಲಿ ಎಷ್ಟು ಮೇಲೆ ಬರಬಹುದು ಅಂತ ಮಾಜ್ ಅನ್ನುವ ಕಂಪನಿ ಒಂದರಿಂದ ನೂರರವರೆಗೆ ಕೊಡುವ ಅಂದಾಜು ಅಂಕ. ಎಹೆಚ್‌ರೆಫ್ಸ್ ಕಂಪನಿಯದ್ದು ಡಿಆರ್ ಅಂತ ಇನ್ನೊಂದು. ಎರಡೂ ಗೂಗಲ್ ಕೊಟ್ಟ ಅಂಕ ಅಲ್ಲ. ಮೊದಲ ಸ್ಥಾನ ಗ್ಯಾರಂಟಿ ಅಂತ ಯಾರೂ ಹೇಳಲಾಗದು ಅಂತ ಗೂಗಲ್ಲೇ ಬರೆದಿಟ್ಟಿದೆ, ವಾಟ್ಸ್‌ಆ್ಯಪ್‌ನವರಿಗೆ ಅದನ್ನೇ ಕಳಿಸಿ.

ನಿಮಗಿರುವ ಆಸ್ತಿ ಬೇರೆಯೇ ಇದೆ. ನಿಮ್ಮ ಕಡೆ ಸೀರೆಯ ಒಡಲಿಗೂ ಸೆರಗಿಗೂ ಹಾಸಿನ ಎಳೆ ಎಳೆಗೂ ಕೊಂಡಿ ಹಾಕುತ್ತಾರಲ್ಲ, ಅದನ್ನು ಹತ್ತಿರದಿಂದ ಫೋಟೋ ತೆಗೆದು, ಒಂದು ಸೀರೆಗೆ ಎಷ್ಟು ಹೊತ್ತು ಹಿಡಿಯಿತು, ಯಾರು ಕೂತು ಹಾಕಿದರು ಅಂತ ಬರೆದು ಒಂದು ಪುಟ ಮಾಡಿ. ಟೋಪ್ ತೆನಿ ಸೆರಗು ಹೇಗಿರುತ್ತದೆ, ಚಿಕ್ಕಿ ಪರಾಸ್ ದಡಿಗೂ ಗೋಮಿ ದಡಿಗೂ ಏನು ವ್ಯತ್ಯಾಸ, ಪವರ್‌ಲೂಮ್ ಸೀರೆಯನ್ನು ಹೇಗೆ ಗುರುತಿಸುವುದು, ಎಲ್ಲ ಹಾಕಿ. ಫ್ಯಾಷನ್ ಓದುವ ಹುಡುಗಿಗೆ, ಸೀರೆ ಬಗ್ಗೆ ಬರೆಯುವವರಿಗೆ, ಪತ್ರಿಕೆಯವರಿಗೆ ತೋರಿಸಲು ಅಂಥ ಪುಟ ಬೇಕಿರುತ್ತದೆ. "ಕೆಂಪು ಸೀರೆ, ₹2,499, ಕಾರ್ಟಿಗೆ ಹಾಕಿ" ಅನ್ನುವ ಪುಟಕ್ಕೆ ಯಾರು ಸುಮ್ನೆ ಲಿಂಕ್ ಕೊಡುತ್ತಾರೆ ಹೇಳಿ? ಬರೆದ ಪುಟಕ್ಕೆ ಲಿಂಕ್ ಬರಲಿ, ಅಲ್ಲಿಂದ ನೀವು ನಿಮ್ಮ ಸೀರೆಗಳ ಪುಟಕ್ಕೆ ಲಿಂಕ್ ಕೊಡಿ.

ಪ್ರಶ್ನೆ: ಚನ್ನಪಟ್ಟಣದ ಗೊಂಬೆ ಮಾರುತ್ತೇವೆ. ಬರವಣಿಗೆ ಎಲ್ಲ ಮಾಡಿದ್ದೇವೆ, ಹಾಲೆ ಮರ, ಅರಗು, ತಾಳೆಗರಿಯಿಂದ ಹೊಳಪು ಕೊಡುವುದು ಎಲ್ಲಾ ಇದೆ. ಆದರೂ ಯಾರೂ ಲಿಂಕ್ ಕೊಟ್ಟಿಲ್ಲ. (ರಾಮನಗರ)

ಉತ್ತರ: ಕೇಳಿದ್ದೀರಾ? ನಿಮ್ಮ ಪತ್ರ ಪೂರ್ತಿ ಓದಿದೆ, ಯಾರನ್ನಾದರೂ ಕೇಳಿದೆವು ಅಂತ ಒಂದು ಸಾಲೂ ಇಲ್ಲ. ಬರೆದು ಬಾಗಿಲು ಹಾಕಿಕೊಂಡು ಕೂತರೆ ಯಾರಿಗೆ ಗೊತ್ತಾಗಬೇಕು.

ಒಂದು ನೋಟ್‌ಬುಕ್ ತಗೊಳ್ಳಿ. ಈಗಾಗಲೇ ನಿಮ್ಮ ಜೊತೆ ವ್ಯವಹಾರ ಇರುವವರ ಹೆಸರು ಬರೆಯಿರಿ. ಗೊಂಬೆ ತರಿಸಿಕೊಳ್ಳುವ ಬೆಂಗಳೂರಿನ ಅಂಗಡಿ, ನಿಮ್ಮಿಂದ ಎಣಿಕೆ ಮಣಿ ಕೊಂಡ ಪ್ಲೇಸ್ಕೂಲು, ಕಾರ್ಯಾಗಾರಕ್ಕೆ ಕರೆದ ಶಾಲೆ, ಮದುವೆಗೆ ಕುಂಕುಮದ ಭರಣಿ ಮಾಡಿಸಿಕೊಂಡವರು, ಹೆದ್ದಾರಿಯ ಹೋಂಸ್ಟೇ, ನೀವು ಮಳಿಗೆ ಹಾಕಿದ ಮೇಳದವರು. ಇವರಲ್ಲಿ ಯಾರಿಗೆ ವೆಬ್‌ಸೈಟ್ ಇದೆ ನೋಡಿ. ಮೊದಲ ಹತ್ತು ಲಿಂಕ್ ಇಲ್ಲಿಂದಲೇ ಬರಬೇಕು. ಇವರಿಗೆ ನೀವು ಗೊತ್ತು, ನಿಮ್ಮ ಮಾಲು ಗೊತ್ತು, ಫೋನ್ ಮಾಡಿದರೆ ಎತ್ತುತ್ತಾರೆ.

ಆಮೇಲೆ ಗುರುತಿಲ್ಲದವರು. ಮಕ್ಕಳಿಗೆ ಯಾವ ಆಟಿಕೆ ಕೊಡಬೇಕು ಅಂತ ಬರೆಯುವ ಅಪ್ಪ ಅಮ್ಮಂದಿರು ಇದ್ದಾರೆ, ಬೆಂಗಳೂರು–ಮೈಸೂರು ದಾರಿಯಲ್ಲಿ ಏನು ನೋಡಬೇಕು ಅಂತ ಬರೆಯುವವರಿದ್ದಾರೆ. ಅವರಿಗೆ "ಡಿಯರ್ ಸರ್/ಮೇಡಂ, ವೀ ಆರ್ ಲೀಡಿಂಗ್" ಅಂತ ಒಂದೇ ಮೇಲ್ ನೂರು ಜನಕ್ಕೆ ಕಳಿಸಬೇಡಿ. ಅವರು ಬರೆದದ್ದನ್ನು ಓದಿ. ಅದರಲ್ಲಿ ಏನು ಬಿಟ್ಟುಹೋಗಿದೆ ನೋಡಿ. "ನೀವು ಮರದ ಆಟಿಕೆ ಬಗ್ಗೆ ಬರೆದದ್ದು ಓದಿದೆ. ಮಗು ಬಾಯಿಗಿಟ್ಟರೆ ಬಣ್ಣ ಬಿಡುತ್ತದಾ ಅಂತ ಒಬ್ಬರು ಕೆಳಗೆ ಕೇಳಿದ್ದಾರೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಬಿಸಿಗೆ ಅದು ಕರಗಿ ಹೇಗೆ ಹಿಡಿದುಕೊಳ್ಳುತ್ತದೆ ಅಂತ ನಮ್ಮ ಕಾರ್ಖಾನೆಯ ಫೋಟೋ ಸಮೇತ ಹಾಕಿದ್ದೇವೆ, ಬೇಕಿದ್ದರೆ ಬಳಸಿಕೊಳ್ಳಿ" ಅಂತ ನಾಲ್ಕು ಸಾಲು ಸಾಕು. ಹತ್ತು ಜನರಲ್ಲಿ ಒಬ್ಬರು ಹೂಂ ಅಂದರೂ ಖುಷಿಪಡಿ. ನನ್ನ ಅನುಭವದಲ್ಲಿ ಅಷ್ಟೂ ಕಷ್ಟವೇ.

ಒಂದು ಸಣ್ಣ ವಿಷಯ. ಲಿಂಕ್ ಕೊಡುವವರಿಗೆ "ಚನ್ನಪಟ್ಟಣ ಗೊಂಬೆ ಆನ್‌ಲೈನ್ ಕಡಿಮೆ ಬೆಲೆ ಅಂತಲೇ ಬರೆಯಿರಿ" ಅಂತ ಹೇಳಿಕೊಡಬೇಡಿ. ಲಿಂಕಿನ ಮೇಲಿನ ಅಕ್ಷರಗಳನ್ನು ಆ್ಯಂಕರ್ ಟೆಕ್ಸ್ಟ್ ಅನ್ನುತ್ತಾರೆ, ಅದನ್ನು ಗೂಗಲ್ ಓದುತ್ತದೆ ನಿಜ. ಆದರೆ ಹತ್ತು ಸೈಟುಗಳಲ್ಲಿ ಒಂದೇ ವಾಕ್ಯ ಕಂಡರೆ ಬರೆಸಿದ್ದು ಅಂತ ಯಾರಿಗಾದರೂ ಗೊತ್ತಾಗುತ್ತದೆ. ಒಬ್ಬರು ನಿಮ್ಮ ಹೆಸರು ಬರೆಯಲಿ, ಇನ್ನೊಬ್ಬರು "ಇಲ್ಲಿ ನೋಡಿ" ಅನ್ನಲಿ.

ಪ್ರಶ್ನೆ: ನಮ್ಮದು ಪುಸ್ತಕ, ಸ್ಟೇಷನರಿ ಅಂಗಡಿ. ಕಾಲೇಜಿನ ಸೈಟಿನಲ್ಲಿ ನಮ್ಮ ಲಿಂಕ್ ಹಾಕಿದರೆ ಆ ಕಾಲೇಜಿನ ವಿದ್ಯಾರ್ಥಿಗಳಿಗೆ ಶೇ 10 ರಿಯಾಯಿತಿ ಕೊಡೋಣ ಅಂತ ಯೋಚನೆ. ಕಾಲೇಜುಗಳ ಲಿಂಕಿಗೆ ತೂಕ ಜಾಸ್ತಿಯಂತೆ? (ಮೈಸೂರು)

ಉತ್ತರ: ಇದೇ ಉಪಾಯ, ಇದೇ ಶೇ 10, ಅಮೆರಿಕದಲ್ಲಿ ಆಗಿಹೋಗಿದೆ. ಓವರ್‌ಸ್ಟಾಕ್ ಅನ್ನುವ ದೊಡ್ಡ ಆನ್‌ಲೈನ್ ಅಂಗಡಿ, ಕಾಲೇಜು ಸೈಟುಗಳಲ್ಲಿ ಲಿಂಕ್ ಹಾಕಿಸಿಕೊಂಡು ವಿದ್ಯಾರ್ಥಿಗಳಿಗೆ, ಮೇಷ್ಟ್ರುಗಳಿಗೆ ರಿಯಾಯಿತಿ ಕೊಡುತ್ತಿತ್ತು. ವ್ಯಾಕ್ಯೂಮ್ ಕ್ಲೀನರ್ ಅಂತ ಹುಡುಕಿದರೆ ಇವರದ್ದೇ ಮೇಲೆ. 2011ರ ಫೆಬ್ರವರಿಯಲ್ಲಿ ವಿಷಯ ಪತ್ರಿಕೆಗೆ ಬಂತು, ಗೂಗಲ್ ಅವರನ್ನು ಹಿಂದಿನ ಪುಟಗಳಿಗೆ ತಳ್ಳಿತು. ಹೊರಗೆ ಬರಲು ಸುಮಾರು ಎರಡು ತಿಂಗಳು ಬೇಕಾಯಿತು. ಅದೇ ತಿಂಗಳು ಜೆಸಿ ಪೆನ್ನಿ ಅನ್ನುವ ಇನ್ನೊಂದು ಹಳೇ ಅಂಗಡಿಯ ಲಿಂಕ್ ಜಾಲವನ್ನು ನ್ಯೂಯಾರ್ಕ್ ಟೈಮ್ಸ್ ಬಯಲಿಗೆಳೆದಿತ್ತು. ಅಷ್ಟು ದೊಡ್ಡವರಿಗೇ ಆದ ಗತಿ ಇದು.

ರಿಯಾಯಿತಿ ಧಾರಾಳವಾಗಿ ಕೊಡಿ, ಲಿಂಕಿನ ಷರತ್ತು ಮಾತ್ರ ತೆಗೆಯಿರಿ. ಕಾಲೇಜಿನ ಲಿಂಕಿಗೆ ಕಾಲೇಜು ಅನ್ನುವ ಕಾರಣಕ್ಕೇ ತೂಕ ಇದೆ ಅನ್ನುವುದೂ ಗಾಳಿಮಾತು. ಅದರ ಬದಲು ಒಂದು ಕೆಲಸ ಮಾಡಬಹುದು. ಪ್ರತಿ ಸೆಮಿಸ್ಟರ್‌ಗೆ ಯಾವ ಕೋರ್ಸಿಗೆ ಯಾವ ಪಠ್ಯಪುಸ್ತಕ, ಯಾವ ಆವೃತ್ತಿ, ಹಳೇ ಆವೃತ್ತಿ ನಡೆಯುತ್ತದಾ ಅಂತ ಸರಿಯಾದ ಪಟ್ಟಿ ಮಾಡಿ ಹಾಕಿ. ಅದನ್ನು ಮೇಷ್ಟ್ರುಗಳೇ ಹಂಚುತ್ತಾರೆ.

ಪ್ರಶ್ನೆ: ಯೂಟ್ಯೂಬ್‌ನವರಿಗೆ, ಫುಡ್ ಬ್ಲಾಗ್ ಬರೆಯುವವರಿಗೆ ನಮ್ಮ ಮಸಾಲೆ ಪುಡಿ ಪುಕ್ಕಟೆ ಕಳಿಸಿ ಲಿಂಕ್ ಹಾಕಿಸಿಕೊಳ್ಳಬಹುದಾ? (ಶಿವಮೊಗ್ಗ)

ಉತ್ತರ: ಕಳಿಸಬಹುದು, ಆದರೆ ಮಾಲು ಕೊಟ್ಟು ಲಿಂಕ್ ತಗೊಂಡರೂ ಗೂಗಲ್ ಲೆಕ್ಕದಲ್ಲಿ ಅದು ಕೊಂಡದ್ದೇ. ಅಂಥ ಲಿಂಕಿಗೆ "ಸ್ಪಾನ್ಸರ್ಡ್" ಅನ್ನುವ ಗುರುತು ಹಾಕಲು ಬರೆಯುವವರಿಗೆ ಹೇಳಿ. ಇದು 2019ರಲ್ಲಿ ಬಂದ ಗುರುತು, ಅದಕ್ಕೂ ಮುಂಚೆ 2005ರಿಂದ ಇರುವುದು "ನೋಫಾಲೋ". ಎರಡೂ ಲಿಂಕಿನ ಕೋಡ್‌ನಲ್ಲಿ ಹಾಕುವ ಗುರುತು, ಈ ಲಿಂಕನ್ನು ಶಿಫಾರಸು ಅಂತ ಎಣಿಸಬೇಡ ಅಂತ ಗೂಗಲ್‌ಗೆ ಹೇಳುವುದಕ್ಕೆ. ಯಾವುದು ಹಾಕಿದರೂ ನಡೆಯುತ್ತದೆ. ಓದುಗರಿಗೂ ಇದು ಪುಕ್ಕಟೆ ಬಂದದ್ದು ಅಂತ ಹೇಳಬೇಕು, ಜಾಹೀರಾತು ಮಂಡಳಿ ಆಸ್ಕಿಯ ನಿಯಮ 2021ರಿಂದಲೇ ಇದೆ.

ಬ್ರಿಟನ್ನಿನ ಹೂವಿನ ಕಂಪನಿ ಇಂಟರ್‌ಫ್ಲೋರಾ ಊರೂರ ಪತ್ರಿಕೆಗಳ ಸೈಟಿನಲ್ಲಿ ಗುರುತಿಲ್ಲದ ಜಾಹೀರಾತು ಲೇಖನ ಹಾಕಿಸಿತ್ತು. 2013ರ ಫೆಬ್ರವರಿಯಲ್ಲಿ ಪ್ರೇಮಿಗಳ ದಿನ ಮುಗಿದ ಬೆನ್ನಿಗೇ ಗೂಗಲ್‌ನಿಂದ ಮಾಯವಾಯಿತು. ಕಂಪನಿಯ ಹೆಸರನ್ನೇ ಹುಡುಕಿದರೂ ಸಿಗುತ್ತಿರಲಿಲ್ಲ! 11 ದಿನ ಆದ ಮೇಲೆ, ಅಲ್ಲಿನ ಅಮ್ಮಂದಿರ ದಿನಕ್ಕೆ ಸ್ವಲ್ಪ ಮುಂಚೆ ವಾಪಸ್ ಬಂತು.

ಹಾಗಂತ ಗುರುತು ಹಾಕಿದ ಲಿಂಕ್ ವ್ಯರ್ಥ ಅಲ್ಲ. ಯೂಟ್ಯೂಬ್ ವಿಡಿಯೋ ಕೆಳಗಿನ ಲಿಂಕುಗಳೆಲ್ಲ ನೋಫಾಲೋನೇ. ಆದರೂ ಒಬ್ಬ ಅಜ್ಜಿ ನಿಮ್ಮ ಪುಡಿ ಹಾಕಿ ಸಾರು ಕುದಿಸಿ ತೋರಿಸಿದರೆ ಆ ವಾರದ ಆರ್ಡರ್ ನೋಡಿ.

ಪ್ರಶ್ನೆ: ವಿಕಿಪೀಡಿಯದಲ್ಲಿ, ಬೇರೆಯವರ ಬರಹದ ಕೆಳಗಿನ ಕಾಮೆಂಟುಗಳಲ್ಲಿ ಲಿಂಕ್ ಹಾಕುತ್ತಾ ಬಂದರೆ? (ತುಮಕೂರು)

ಉತ್ತರ: ವಿಕಿಪೀಡಿಯದವರು ಅಳಿಸುತ್ತಾರೆ, ಉಳಿದರೂ ಅದು ನೋಫಾಲೋ. ಕಾಮೆಂಟಿನದ್ದೂ ಅದೇ ಕಥೆ. ಟೈಮ್ ವೇಸ್ಟ್.

ಪ್ರಶ್ನೆ: ಧಾರವಾಡ ಆಪೂಸ್ ಹಣ್ಣನ್ನು ಪೆಟ್ಟಿಗೆಯಲ್ಲಿ ಕಳಿಸುತ್ತೇವೆ. ಎರಡು ವರ್ಷದ ಹಿಂದೆ ಪತ್ರಿಕೆಯಲ್ಲಿ ನಮ್ಮ ತೋಟದ ಬಗ್ಗೆ ಬಂದಿತ್ತು, ಆನ್‌ಲೈನ್ ಆವೃತ್ತಿಯಲ್ಲಿ ಲಿಂಕ್ ಕೂಡ ಇತ್ತು. ಆ ಸೀಸನ್ ಚೆನ್ನಾಗಿ ಹೋಯಿತು. ಮರುವರ್ಷ ಪುನಃ ಮೊದಲಿನಂತೆ ಕೆಳಗೆ. ಯಾಕೆ? (ಧಾರವಾಡ)

ಉತ್ತರ: ನಿಮ್ಮ ಸೈಟ್ ತೆರೆದು ನೋಡಿದೆ, ಐದು ನಿಮಿಷದಲ್ಲಿ ಸಿಕ್ಕಿಬಿತ್ತು. ಪ್ರತಿ ವರ್ಷ ಹೊಸ ಪುಟ ಮಾಡುತ್ತೀರಿ. ವಿಳಾಸದ ಕೊನೆಗೆ ಇಸವಿ ಸೇರಿಸುತ್ತೀರಿ. ಜೂನ್ ಮುಗಿದ ಮೇಲೆ ಹಣ್ಣು ಖಾಲಿ ಅಂತ ಪುಟವನ್ನೇ ಅಳಿಸುತ್ತೀರಿ. ಪತ್ರಿಕೆಯವರು ಲಿಂಕ್ ಕೊಟ್ಟದ್ದು ಆ ಅಳಿಸಿದ ಪುಟಕ್ಕೆ! ಈಗ ಅದನ್ನು ಒತ್ತಿದರೆ 404, ಪುಟ ಇಲ್ಲ ಅಂತ ಬರುತ್ತದೆ. ಮನೆ ಬದಲಾಯಿಸಿ ಪೋಸ್ಟ್‌ಮ್ಯಾನ್‌ಗೆ ಹೇಳದೆ ಬಂದಹಾಗೆ ಆಗಿದೆ.

ಇವತ್ತೇ ಮಾಡುವ ಕೆಲಸ: ಇಸವಿ ಇಲ್ಲದ ಒಂದೇ ವಿಳಾಸ ಇಟ್ಟುಕೊಳ್ಳಿ. ಹಣ್ಣು ಇಲ್ಲದ ತಿಂಗಳುಗಳಲ್ಲೂ ಆ ಪುಟ ಇರಲಿ, "ಮುಂದಿನ ಪೆಟ್ಟಿಗೆ ಏಪ್ರಿಲ್‌ನಲ್ಲಿ, ನಂಬರ್ ಬಿಟ್ಟಿರಿ, ತಿಳಿಸುತ್ತೇವೆ" ಅಂತ ಹಾಕಿ. ಹಳೇ ವಿಳಾಸಗಳಿಂದ ಈ ಪುಟಕ್ಕೆ 301 ರೀಡೈರೆಕ್ಟ್ ಹಾಕಿ, ಅಂದರೆ ಹಳೇ ವಿಳಾಸಕ್ಕೆ ಬಂದವರನ್ನು ತಾನಾಗೇ ಹೊಸದಕ್ಕೆ ಕಳಿಸುವ ಏರ್ಪಾಟು. ಶಾಪಿಫೈನಲ್ಲಿ ಅದಕ್ಕೆ ಜಾಗ ಇದೆ. ವರ್ಡ್‌ಪ್ರೆಸ್ ಆದರೆ ರೀಡೈರೆಕ್ಷನ್ ಅನ್ನುವ ಉಚಿತ ಪ್ಲಗಿನ್ ಸಿಗುತ್ತದೆ. ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸಬೇಡಿ, ಮಾವಿನ ಹಣ್ಣು ಹುಡುಕಿ ಬಂದವರಿಗೆ ಮಾವೇ ಸಿಗಬೇಕು. ಸಂಬಂಧವಿಲ್ಲದ ಕಡೆ ತಿರುಗಿಸಿದರೆ ಗೂಗಲ್ ಅದನ್ನೂ ಇಲ್ಲದ ಪುಟದ ಲೆಕ್ಕಕ್ಕೇ ಹಾಕುತ್ತದೆ.

ಉಳಿದವರೂ ನೋಡಿಕೊಳ್ಳಿ. ಗೂಗಲ್ ಸರ್ಚ್ ಕನ್ಸೋಲ್ ಪುಕ್ಕಟೆ. ಎಡಗಡೆ ಪಟ್ಟಿಯಲ್ಲಿ "ಲಿಂಕ್ಸ್" ಒತ್ತಿದರೆ ಯಾವ ಸೈಟ್ ನಿಮಗೆ ಲಿಂಕ್ ಕೊಟ್ಟಿದೆ, ನಿಮ್ಮ ಯಾವ ಪುಟಕ್ಕೆ ಕೊಟ್ಟಿದೆ ಅಂತ ಕಾಣುತ್ತದೆ. ಒಂದೊಂದೇ ಪುಟ ತೆರೆದು ನೋಡಿ, ಸತ್ತಿದ್ದರೆ ರೀಡೈರೆಕ್ಟ್ ಹಾಕಿ. ಹೊಸ ಲಿಂಕ್ ಹುಡುಕುವುದಕ್ಕಿಂತ ಸೋರುವುದನ್ನು ಮುಚ್ಚುವುದು ಸಲೀಸು, ಖರ್ಚೂ ಇಲ್ಲ.

ಪ್ರಶ್ನೆ: "ನಿಮ್ಮ ಸೈಟಿಗೆ ಸಾವಿರಾರು ಕೆಟ್ಟ ಲಿಂಕ್ ಹಾಕುತ್ತೇವೆ, ದುಡ್ಡು ಕೊಟ್ಟರೆ ನಿಲ್ಲಿಸುತ್ತೇವೆ" ಅಂತ ಮೇಲ್ ಬಂದಿದೆ. ಭಯ ಆಗುತ್ತಿದೆ. (ಮಂಗಳೂರು)

ಉತ್ತರ: ಉತ್ತರ ಕೊಡಬೇಡಿ, ದುಡ್ಡಂತೂ ಕೊಡಲೇಬೇಡಿ. ಕೆಟ್ಟ ಲಿಂಕ್ ಎಲ್ಲರಿಗೂ ತಾನಾಗೇ ಬಂದು ಅಂಟಿಕೊಳ್ಳುತ್ತದೆ, ಗೂಗಲ್ ಅದನ್ನು ಲೆಕ್ಕಕ್ಕೇ ತಗೊಳ್ಳದೆ ಬಿಡುತ್ತದೆ. ಡಿಸವೋ ಅಂತ ಒಂದು ಸಾಧನ 2012ರಿಂದ ಇದೆ, ಈ ಲಿಂಕುಗಳು ನನಗೆ ಬೇಡ ಅಂತ ಪಟ್ಟಿ ಕೊಡುವುದಕ್ಕೆ. ಮ್ಯಾನುಯಲ್ ಆ್ಯಕ್ಷನ್ ನೋಟಿಸ್ ಬರದಿದ್ದರೆ ಅದನ್ನು ಮುಟ್ಟಬೇಡಿ, ಗಾಬರಿಯಲ್ಲಿ ಒಳ್ಳೇ ಲಿಂಕನ್ನೂ ಕತ್ತರಿಸಿಕೊಂಡವರನ್ನು ಕಂಡಿದ್ದೇನೆ.

ಪ್ರಶ್ನೆ: ಅಮೆರಿಕದ ಕನ್ನಡಿಗರಿಗೆ ಚಟ್ನಿಪುಡಿ, ಗೊಜ್ಜು ಕಳಿಸುತ್ತೇನೆ. ಇಲ್ಲಿನ ಕನ್ನಡ ಕೂಟದವರು ರಾಜ್ಯೋತ್ಸವಕ್ಕೆ ಪ್ರಾಯೋಜಕರಾಗಿ, ಸೈಟಿನಲ್ಲಿ ಲೋಗೊ, ಲಿಂಕ್ ಹಾಕುತ್ತೇವೆ ಅಂದಿದ್ದಾರೆ. ಉಪಯೋಗ ಇದೆಯಾ? (ನ್ಯೂಜೆರ್ಸಿ)

ಉತ್ತರ: ಲಿಂಕಿಗಾಗಿ ಕೊಡುವುದಾದರೆ ಬೇಡ, ಅದಕ್ಕೂ ಸ್ಪಾನ್ಸರ್ಡ್ ಗುರುತು ಬೇಕು. ಚಟ್ನಿಪುಡಿ ಬೇಕಾದವರೆಲ್ಲ ಒಂದೇ ಹಾಲ್‌ನಲ್ಲಿ ಸಿಗುತ್ತಾರೆ ಅಂತ ಕೊಡುವುದಾದರೆ ಖಂಡಿತ ಕೊಡಿ. ಊಟದ ಎಲೆಯ ಮೇಲೆ ನಿಮ್ಮ ಗೊಜ್ಜೂ ಒಂದು ಚಮಚ ಬೀಳುವ ಹಾಗೆ ಮಾತಾಡಿಕೊಳ್ಳಿ. ಆಮೇಲೆ ಆ ಹಬ್ಬದ ಬಗ್ಗೆ ಯಾರಾದರೂ ತಮ್ಮಷ್ಟಕ್ಕೆ ಬರೆದು ನಿಮ್ಮನ್ನು ನೆನೆಸಿಕೊಂಡರೆ ಆ ಲಿಂಕು ನಿಜವಾದದ್ದು.

ಪ್ರಶ್ನೆ: ನಾನು ತೆಗೆದ ಗುಳೇದಗುಡ್ಡ ಖಣದ ಫೋಟೋಗಳನ್ನು ನಾಲ್ಕೈದು ಸೈಟಿನವರು ಕೇಳದೆ ಹಾಕಿಕೊಂಡಿದ್ದಾರೆ. ಒಂದು ಕಡೆ ನಮ್ಮ ಅಂಗಡಿ ಹೆಸರೂ ಇದೆ, ಲಿಂಕ್ ಇಲ್ಲ. ಜಗಳ ಮಾಡಲಾ? (ಹುಬ್ಬಳ್ಳಿ)

ಉತ್ತರ: ಜಗಳ ಯಾಕೆ, ಲಿಂಕ್ ಕೇಳುವುದಕ್ಕೆ ಇದಕ್ಕಿಂತ ಒಳ್ಳೇ ನೆಪ ಸಿಗುವುದಿಲ್ಲ. ಹೆಸರು ಹಾಕಿದವರು ಅರ್ಧ ದಾರಿ ಬಂದಾಗಿದೆ, ಮೊದಲು ಅವರನ್ನೇ ಹಿಡಿಯಿರಿ. ನಿಮ್ಮ ಉಳಿದ ಫೋಟೋಗಳನ್ನೂ ಗೂಗಲ್ ಲೆನ್ಸ್‌ಗೆ ಹಾಕಿ ನೋಡಿ, ಇನ್ನಷ್ಟು ಕಡೆ ಸಿಗಬಹುದು. ನಿಮ್ಮದೇ ಕಸುಬಿನ ಪೈಪೋಟಿಯವರು ಕದ್ದಿದ್ದರೆ ತೆಗೆಯಲು ಹೇಳಿ. ಬರೆಯುವವರು, ಪತ್ರಿಕೆಯವರು ಹಾಕಿಕೊಂಡಿದ್ದರೆ ಹೀಗೆ ಬರೆಯಿರಿ:

"ನಮಸ್ಕಾರ. ಖಣದ ಬಗ್ಗೆ ನೀವು ಬರೆದದ್ದು ಓದಿದೆ, ಚೆನ್ನಾಗಿದೆ. ಮೂರನೇ ಫೋಟೋ ನಾನು ತೆಗೆದದ್ದು. ಇರಲಿ, ತೆಗೆಯುವುದು ಬೇಡ. ಅದರ ಕೆಳಗೆ ನಮ್ಮ ಹೆಸರು ಹಾಕಿ ಈ ಪುಟಕ್ಕೆ ಲಿಂಕ್ ಕೊಟ್ಟರೆ ಸಾಕು. ದೊಡ್ಡ ಸೈಜಿನ ಫೋಟೋ ಬೇಕಿದ್ದರೆ ಕಳಿಸುತ್ತೇನೆ."

ಲಿಂಕ್ ಕೊಡಬೇಕಾದ ಪುಟದ ವಿಳಾಸವನ್ನು ನೀವೇ ಮೇಲ್‌ನಲ್ಲಿ ಹಾಕಿ, ಹುಡುಕುವ ಕೆಲಸ ಅವರಿಗೆ ಬಿಡಬೇಡಿ. ಉತ್ತರ ಬರದಿದ್ದರೆ ಒಂದು ವಾರ ಬಿಟ್ಟು ಇನ್ನೊಮ್ಮೆ ಕಳಿಸಿ. ಮೂರನೇ ಸಲ ಬೇಡ.